ನೀಲವ್ವತ್ತಿ ಹುಡುಕಿದ ಶಬ್ದಗಳು

ನಮ್ಮ ಅಡುಗೆಮನೆಯ ಕಿಟಕಿಗೆ ಕದ ಇರಲಿಲ್ಲ. ಕದದ ಜಾಗದಲ್ಲಿ ಎರಡು ತಗಡುಗಳಿದ್ದವು, ಆ ತಗಡುಗಳ ತುಂಬ ಇಂಗ್ಲಿಷ್ ಅಕ್ಷರಗಳ ಆಕಾರದಲ್ಲಿ ತೂತುಗಳಿದ್ದವು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನಮ್ಮಪ್ಪನ ಕೆಲಸವೇ ಅದು: ತಗಡಿನಲ್ಲಿ ಅಕ್ಷರ ಕೊರೆಯುವುದು, ಕೊರೆದ ತಗಡನ್ನು ಬಟ್ಟೆಯ ದೊಡ್ಡ ಗಂಟುಗಳ ಮೇಲಿಟ್ಟು ಕಪ್ಪು ಬಣ್ಣದ ಕುಂಚ ಆಡಿಸುವುದು. ತಗಡು ಎತ್ತಿದರೆ ಗಂಟಿನ ಮೇಲೆ ಅಕ್ಷರ ಮೂಡಿರುತ್ತಿತ್ತು, ಗಂಟು ಮುಂಬಯಿಗೋ ಇನ್ನೆಲ್ಲಿಗೋ ಹೋಗುತ್ತಿತ್ತು. ಸವೆದು ಅಂಚು ಮುರಿದ ತಗಡುಗಳನ್ನು ಅಪ್ಪ ಸಾಹೇಬರನ್ನು ಕೇಳಿ ಮನೆಗೆ ತರುತ್ತಿದ್ದ. ಫಾಲ್ಸಿನ ಮಂಗಗಳ ಕಾಟ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನೇ ಎತ್ತಿಕೊಂಡು ಹೋಗುವ ಜಾತಿ ಅವು. ಮಂಗ ಒಳಗೆ ಬರಬಾರದು, ಹೊಗೆ ಹೊರಗೆ ಹೋಗಬೇಕು, ಅದಕ್ಕೆಂದು ಅವ್ವ ಆ ಎರಡು ತಗಡುಗಳನ್ನು ಕಿಟಕಿಗೆ ಹೊಡೆದಳು. ಅಕ್ಷರದ ಮೋರೆ ಯಾವುದು, ಬೆನ್ನು ಯಾವುದು ಎಂದು ಆಕೆಗೆ ಗೊತ್ತಿರಲಿಲ್ಲ. ಹಿಂದುಮುಂದಾಗಿ ಹೊಡೆದಿದ್ದಳು.

ಕಿಟಕಿ ಮೂಡಲಿಗಿತ್ತು. ಮುಂಜಾನೆ ಬಿಸಿಲು ಬಂದರೆ ಎದುರಿನ ಗೋಡೆಯ ಮೇಲೆ ಅಂಗೈಯಗಲದ ಬೆಳಕಿನ ಅಕ್ಷರಗಳು ಬೀಳುತ್ತಿದ್ದವು. ಒಮ್ಮೆಗೇ ಎಲ್ಲವೂ ಅಲ್ಲ. ಹೊರಗಿನ ಬೇವಿನ ಗಿಡದ ಟೊಂಗೆಗಳು ಕೆಲವನ್ನು ಮುಚ್ಚಿ ಕೆಲವನ್ನು ಬಿಡುತ್ತಿದ್ದವು, ಹಾಗಾಗಿ ದಿನಕ್ಕೊಂದು ಗುಂಪು, ಒಮ್ಮೊಮ್ಮೆ ಮೂರು, ಒಮ್ಮೊಮ್ಮೆ ಐದು. ಆ ಗೋಡೆಗೆ ಮುಖ ಮಾಡಿ ಕೂತು ರೊಟ್ಟಿ ಬಡಿಯುವವಳು ನೀಲವ್ವತ್ತಿ, ಅಪ್ಪನ ತಂಗಿ. ಲಗ್ನವಾದ ಎರಡನೇ ವರ್ಷಕ್ಕೇ ಗಂಡ ಪ್ಲೇಗಿನಲ್ಲಿ ಹೋಗಿ, ಅರಭಾವಿಯಿಂದ ಒಂದು ಗಂಟು ಬಟ್ಟೆ ಹಿಡಿದು ಅಣ್ಣನ ಮನೆಗೆ ಬಂದವಳು. ಸಾಲಿಯ ಮೋರೆ ನೋಡಿದವಳಲ್ಲ. ಕನ್ನಡದ ಒಂದು ಅಕ್ಷರವೂ ಬಾರದ ನಮ್ಮ ಅತ್ತಿ ಇಂಗ್ಲಿಷಿನ ಅಕ್ಷರ ಕಲಿತದ್ದು ಆ ಗೋಡೆಯಿಂದ, ಅದೂ ಕನ್ನಡಿಯಲ್ಲಿ ನೋಡಿದಂತೆ ಎಡಬಲವಾಗಿ. ಆರು ತಿಂಗಳ ಮೇಲೆ ಒಂದು ದಿನ ಆಕೆ ಹಿಟ್ಟಿನ ಮೇಲೆ ಬೆರಳಿಂದ ಗೀಚುತ್ತಿದ್ದುದನ್ನು ಅಪ್ಪ ಕಂಡ. ಹೊಟ್ಟೆ ಹಿಡಿದುಕೊಂಡು ನಕ್ಕು, ತಗಡು ಕಿತ್ತು, ತಿರುಗಿಸಿ ಹೊಡೆದ.

"ಅಣ್ಣಾ, ಇದೇನ ಮಾಡಿದ್ಯೋ! ನಾ ಕಲತದ್ದೆಲ್ಲಾ ನೀರಾಗ ಹೋತಲ್ಲೋ!"

"ಅಳಬ್ಯಾಡ. ಇನ್ನ ಮ್ಯಾಲೆ ಕಲತದ್ದು ಜಗತ್ತಿಗೆಲ್ಲಾ ನಡೀತೈತಿ," ಎಂದ ಅಪ್ಪ.

ನಮ್ಮ ಮನೆಯ ಆಟ ಶುರುವಾದದ್ದು ಆವಾಗ. ಅಪ್ಪ ಗಿರಣಿಗೆ ಹೊರಡುವ ಮುಂಚೆ ಒಲೆಯ ಮುಂದೆ ಕೂತು ಗೋಡೆಯ ಮೇಲೆ ಬಿದ್ದ ಅಕ್ಷರಗಳನ್ನು ಓದುತ್ತಿದ್ದ. ಅವಷ್ಟೂ ಇರುವ ಇಂಗ್ಲಿಷ್ ಶಬ್ದವೊಂದನ್ನು ಹುಡುಕಿ ಹೇಳಬೇಕು. ಅಕ್ಷರಗಳು ಹಿಂದುಮುಂದಾಗಿ ಹೇಗಾದರೂ ಇರಲಿ, ನಡುವೆ ಬೇರೆಯವು ಬರಲಿ, ಬಿದ್ದದ್ದರಲ್ಲಿ ಒಂದೂ ತಪ್ಪಬಾರದು. ಗೆದ್ದವರಿಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿ, ಅದರ ಮೇಲೆ ಬೆಣ್ಣೆ. ಬೆಣ್ಣೆ ಎಂದರೆ ಹೆಬ್ಬೆರಳ ಉಗುರಿನಷ್ಟು. ಅವ್ವನ ಕೈ ಬೆಣ್ಣೆಯ ವಿಷಯದಲ್ಲಿ ಬಹಳ ಬಿಗಿ.

"ಮೂರು ಬಿದ್ದಾವ ನೋಡ್ರಿ ಇವತ್ತ. ಎ, ಆರ್, ಟಿ. ಹೇಳ್ರಿ, ಹೇಳ್ರಿ, ಗಿರಣಿ ಭೋಂಗಾ ಊದತೈತಿ."

ಅಪ್ಪನಿಗೆ ಗೊತ್ತಿದ್ದ ಶಬ್ದಗಳೆಲ್ಲ ಗಿರಣಿಯವು. ಬೋರ್ಡಿನ ಮೇಲೆ, ಡಬ್ಬದ ಮೇಲೆ, ಗಂಟಿನ ಮೇಲೆ ಕಂಡವು. ಥ್ರೆಡ್ ಎನ್ನುತ್ತಿದ್ದ, ಸ್ಟಾರ್ಚ್ ಎನ್ನುತ್ತಿದ್ದ, ಬಹಳ ಹುರುಪು ಬಂದರೆ ಡಿಪಾರ್ಟ್‌ಮೆಂಟ್ ಎನ್ನುತ್ತಿದ್ದ. ನಾನು ಸಾಲಿಯ ಗೋಡೆಯ ಚಿತ್ರಪಟದಲ್ಲಿ ಕಂಡ ಚಕ್ಕಡಿಯ ಕೆಳಗಿನ ಶಬ್ದವನ್ನು ಸಿ, ಎ, ಆರ್, ಟಿ ಎಂದು ಅಕ್ಷರ ಅಕ್ಷರವಾಗಿ ಒಪ್ಪಿಸುತ್ತಿದ್ದೆ. ಅತ್ತಿಯ ಶಬ್ದಗಳು ಮಾತ್ರ ನಮ್ಮ ಅಳತೆಗೆ ಸಿಗುತ್ತಿರಲಿಲ್ಲ. ಊರು ಬಿಟ್ಟು ಹೋದ ಗುಮಾಸ್ತರೊಬ್ಬರು ಅಪ್ಪನಿಗೆ ಒಂದು ಇಂಗ್ಲಿಷ್–ಮರಾಠಿ ಕೋಶ ಕೊಟ್ಟು ಹೋಗಿದ್ದರು, ರಟ್ಟು ಹೋಗಿ ಕೊನೆಯ ಪುಟಗಳನ್ನು ಗೆದ್ದಲು ತಿಂದದ್ದು. ಮಧ್ಯಾಹ್ನದ ಕೆಲಸ ಮುಗಿಸಿ ಅತ್ತಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮರಾಠಿಯ ಅರ್ಥ ಆಕೆಗೆ ಬೇಕಿರಲಿಲ್ಲ, ಓದಲೂ ಬರುತ್ತಿರಲಿಲ್ಲ. ದಪ್ಪ ಅಚ್ಚಿನ ಇಂಗ್ಲಿಷ್ ಶಬ್ದಗಳ ಮೇಲೆ ಬೆರಳಿಟ್ಟು, ಮೊರದಲ್ಲಿ ಅಕ್ಕಿ ಆರಿಸುವವರ ಹಾಗೆ ಕೆಳಗಿಳಿಯುತ್ತಿದ್ದಳು. ಅವುಗಳ ಉಚ್ಚಾರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅತ್ತಿ ತಾನೇ ಅವಕ್ಕೆ ಹೆಸರಿಟ್ಟಿದ್ದಳು. ಒಂದು 'ಜೋಡು ಎಲ್ಲಿನದು', ಒಂದು 'ಬಾಲದಾಗ ವಾಯ್ ಇರೂದು', ಇನ್ನೊಂದು 'ಉದ್ದಾನ್ನ ಚಿಕ್ಕವ್ವ'. ಹೀಗೆ ನೂರಾರು ಶಬ್ದಗಳು ಆಕೆಗೆ ಮುಖಪರಿಚಯದವು, ಓಣಿಯ ಮಂದಿಯಂತೆ. ಅವರು ಯಾರು, ಏನು ಮಾಡುತ್ತಾರೆ ಎಂದು ಆಕೆ ಕೇಳಿದ್ದೇ ಇಲ್ಲ.

ಗೆಲ್ಲುತ್ತಿದ್ದವಳು ಹೆಚ್ಚಾಗಿ ಅತ್ತಿಯೇ, ಕೋಶದಲ್ಲಿ ಶಬ್ದದ ಮೇಲೆ ಬೆರಳಿಟ್ಟು ತೋರಿಸಿ. ಇದರಲ್ಲಿ ಒಂದು ತೊಡಕಿತ್ತು. ಆಕೆ ನಮ್ಮ ಮನೆಯಲ್ಲಿ ಎಲ್ಲರ ಕೊನೆಗೆ ಉಣ್ಣುವವಳು. ಹಾಗೆಂದು ಯಾರೂ ಹೇಳಿರಲಿಲ್ಲ. ಗಂಡ ಸತ್ತವಳು, ಅಣ್ಣನ ಮನೆಯಲ್ಲಿರುವವಳು ಹಾಗೇ ಇರಬೇಕೆಂದು ಆಕೆಯೇ ತಿಳಿದುಕೊಂಡಿದ್ದಳು, ನಾವೂ ಒಪ್ಪಿಕೊಂಡಿದ್ದೆವು. ಮೊದಲ ಸಲ ಗೆದ್ದಾಗ ಆಕೆ ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕಲು ಹೋದಳು. ಅಪ್ಪ ತಾಟನ್ನು ಹಿಂದಕ್ಕೆಳೆದುಕೊಂಡ. ಅವ್ವ ಒಲೆಯ ಉರಿ ಸರಿಮಾಡುತ್ತ, ತಲೆ ಎತ್ತದೆ ಹೇಳಿದಳು:

"ಉಣ್ಣವಾ ನೀಲವ್ವಾ. ಆಟದಾಗ ಮತ್ತ ಅಣ್ಣ ತಂಗಿ ಅನ್ನೂದು ಇರೂದಿಲ್ಲ."

"ವೈನಿ, ನೀವೆಲ್ಲಾ ಕುಂತಿರೂ ಮುಂದ ನಾ ಹೆಂಗ..."

"ಬೆಣ್ಣಿ ಕರಗತೈತಿ. ಉಣ್ಣು."

ಅತ್ತಿ ಗೋಡೆಯ ಕಡೆ ತಿರುಗಿ ಕೂತು ಆ ರೊಟ್ಟಿ ತಿಂದಳು. ಅರ್ಧ ಮುರಿದು ನನಗೆ ಕೊಟ್ಟಳು. ನಾನು ಆಮೇಲೆ ಎಷ್ಟೋ ಊರಲ್ಲಿ, ಎಷ್ಟೋ ಮನೆಗಳಲ್ಲಿ ಉಂಡಿದ್ದೇನೆ. ಆ ಅರ್ಧ ರೊಟ್ಟಿಯ ರುಚಿ ನನಗೆ ಇನ್ನೆಲ್ಲೂ ಸಿಗಲಿಲ್ಲ, ಇಷ್ಟು ವಯಸ್ಸಾದ ಮೇಲೂ ಮುಂಜಾನೆ ಎದ್ದ ಕೂಡಲೆ ನನಗೆ ಅದೇ ಬೇಕೆನ್ನಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಆಟ ನಿಲ್ಲುತ್ತಿತ್ತು. ಫಾಲ್ಸಿನ ಧಬಧಬೆಯ ಅಬ್ಬರಕ್ಕೆ ಮನೆಯೊಳಗೂ ಕೂಗಿಯೇ ಮಾತಾಡಬೇಕು, ಹೊರಗೆ ಒಣಹಾಕಿದ ಸೀರೆ ಮೂರು ದಿನವಾದರೂ ಒಣಗದು, ಬಿಸಿಲಿನ ಸುದ್ದಿಯೇ ಇಲ್ಲ. ಅತ್ತಿ ಬರೀ ಗೋಡೆಯನ್ನು ನೋಡಿ, ಬಿಸಿಲಿದ್ದಿದ್ದರೆ ಇಷ್ಟೊತ್ತಿಗೆ ಇಂಥಿಂಥ ಅಕ್ಷರ ಬೀಳುತ್ತಿದ್ದವು ಎಂದು ಹೇಳುತ್ತಿದ್ದಳು. ಅವ್ವ ಅದನ್ನು ಆಟ ಎಂದು ಒಪ್ಪುತ್ತಿರಲಿಲ್ಲ, ಬೆಣ್ಣೆ ಉಳಿಯಿತಲ್ಲ ಎಂದು.

ಅಂಥದೇ ಒಂದು ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂದು, ಅತ್ತಿ ನನ್ನನ್ನು ಕರೆದುಕೊಂಡು ಗಿರಣಿಯ ದವಾಖಾನೆಗೆ ಔಷಧಕ್ಕೆ ಹೋದಳು. ರಾತ್ರಿಯ ಮಳೆಗೆ ಅಲ್ಲಿಯ ಕಪಾಟು ಸೋರಿ, ಡಬ್ಬಿ ಬಾಟಲಿಗಳ ಮೇಲಿನ ಚೀಟಿಗಳೆಲ್ಲ ತೊಯ್ದಿದ್ದವು. ನರ್ಸಬಾಯಿ ಅವುಗಳನ್ನು ನೆಲದ ಮೇಲೆ ಹರವಿಕೊಂಡು, ಕೈಯಲ್ಲಿ ಔಷಧಗಳ ಅಚ್ಚಿನ ಪಟ್ಟಿ ಹಿಡಿದು, ಮಳೆಗೆ ಮರಾಠಿಯಲ್ಲಿ ಬೈಯುತ್ತ ಕೂತಿದ್ದಳು. ಅತ್ತಿ ಒಂದು ಡಬ್ಬಿ ಎತ್ತಿ ನೋಡಿದಳು. ಚೀಟಿಯಲ್ಲಿ ಬಿ, ಆರ್, ಸಿ, ಮೂರೇ ಅಕ್ಷರ ಉಳಿದಿದ್ದವು. ನರ್ಸಬಾಯಿಯ ಕೈಯಲ್ಲಿದ್ದ ಪಟ್ಟಿಯ ಮೇಲೆ ಅತ್ತಿಯ ಬೆರಳು ಸರಸರ ಇಳಿಯಿತು, ಒಂದು ಕಡೆ ನಿಂತಿತು.

"ಇದರಾಗ ಮೂರೂ ಅದಾವ್ರಿ ಬಾಯಾರ. ಈ ಪಟ್ಟಿಯೊಳಗ ಇನ್ನೆಲ್ಲೂ ಮೂರೂ ಹಿಂಗ ಒಂದರ ಹಿಂದ ಒಂದು ಇಲ್ಲ."

ನರ್ಸಬಾಯಿ ಡಬ್ಬಿ ತೆಗೆದು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಬೋರಿಕ್ ಪೌಡರೇ. ಅಂದು ಮಧ್ಯಾಹ್ನದ ತನಕ ಇಬ್ಬರೂ ಕೂತು ಕಪಾಟಿನ ಅರ್ಧ ಡಬ್ಬಿಗಳ ಗುರುತು ಹಿಡಿದರು. ಅತ್ತಿ ತೋರಿಸುವುದು, ನರ್ಸಬಾಯಿ ಮೂಸಿ ತಿಕ್ಕಿ ಖಾತ್ರಿ ಮಾಡಿಕೊಳ್ಳುವುದು. ಅವ್ವ ಜ್ವರದಲ್ಲಿ ಔಷಧಕ್ಕೆ ಕಾಯುತ್ತಿದ್ದಾಳೆಂಬುದು ನಮಗೆ ಮರೆತೇ ಹೋಗಿತ್ತು. ಸಂಜೆ ನರ್ಸಬಾಯಿ ಮನೆಗೇ ಬಂದಳು. ದೂರದ ಊರಿನ ಒಂದು ದೊಡ್ಡ ದವಾಖಾನೆಯಲ್ಲಿ ಹೆಣ್ಣುಮಕ್ಕಳಿಗೆ ನರ್ಸಿನ ಕೆಲಸ ಕಲಿಸುತ್ತಾರೆ, ಮೂರು ವರ್ಷ, ಇರುವುದು ಉಣ್ಣುವುದು ಅಲ್ಲಿಯೇ. ಅಲ್ಲಿಯ ನರ್ಸುಗಳಿಗೆಲ್ಲ ಮುಖ್ಯಳಾದ ದೊಡ್ಡಬಾಯಿ ಒಬ್ಬರು ದೀಪಾವಳಿ ಆದ ಮೇಲೆ ಫಾಲ್ಸಿಗೆ ಬರುವವರಿದ್ದಾರೆ, ಅವರ ಮುಂದೆ ನಿಮ್ಮ ತಂಗಿಯನ್ನು ನಿಲ್ಲಿಸುತ್ತೇನೆ ಎಂದಳು. ಒಂದೇ ಮಾತು, ಆಕೆಗೆ ಸ್ವಲ್ಪ ಇಂಗ್ಲಿಷ್ ಬರಬೇಕು.

"ಏ ಬಾಯಾರ, ನಮ್ಮ ನೀಲವ್ವಗ ಇಂಗ್ಲಿಷ್ ಬರ್ತೈತ್ರಿ!" ಎಂದ ಅಪ್ಪ, ಎದೆ ಉಬ್ಬಿಸಿ.

ಅಪ್ಪ ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷ ಇಂಗ್ಲಿಷ್ ಅಕ್ಷರ ಕೊರೆದ ಮನುಷ್ಯನಿಗೆ ಅಕ್ಷರ ಬರುವುದೂ ಭಾಷೆ ಬರುವುದೂ ಒಂದೇ ಆಗಿತ್ತು. ನಮಗೂ ಹಾಗೆಯೇ. ಗೋಡೆಯ ಮೇಲೆ ಏನು ಬಿದ್ದರೂ ಶಬ್ದ ಹುಡುಕುವ ಅತ್ತಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದಿದ್ದರೆ ನಾವು ಅವರನ್ನು ಬೈದು ಕಳಿಸುತ್ತಿದ್ದೆವು. ಮಳೆ ನಿಂತ ಮೇಲೆ ಅವ್ವ ತನ್ನ ಒಳ್ಳೆಯ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು, ಅತ್ತಿ ಉಟ್ಟುಕೊಂಡು ಹೋಗಲೆಂದು. ನನಗೊಬ್ಬಳಿಗೆ ಅದು ಬೇಡವಾಗಿತ್ತು. ನನ್ನ ತಲೆ ಬಾಚುವವಳು ಅತ್ತಿ, ಜ್ವರ ಬಂದರೆ ಹಣೆಗೆ ಕೈಯಿಡುವವಳು ಅತ್ತಿ, ನಾನು ಮಲಗುತ್ತಿದ್ದುದು ಆಕೆಯ ಕೌದಿಯಲ್ಲಿ. ಒಂದು ದಿನ ಹಿತ್ತಲಲ್ಲಿ ಆಕೆ ನನ್ನ ಜಡೆ ಹಾಕುತ್ತಿದ್ದಾಗ ಹೇಳಿಯೇ ಬಿಟ್ಟೆ.

"ಅತ್ತೀ, ನೀ ಹೋಗಬ್ಯಾಡ."

"ಮೂರು ವರ್ಷ ಗಂಗೂ. ಕಣ್ಣ ಮುಚ್ಚಿ ತೆರಿಯೂದ್ರಾಗ ಆಗಿ ಹೋಗ್ತಾವ."

"ಇಲ್ಲಿ ನಿನಗ ಏನ್ ಕಮ್ಮಿ ಆಗೇತಿ? ಯಾರರ ಏನರ ಅಂದಾರೇನು?"

"ಯಾರೂ ಏನೂ ಅಂದಿಲ್ಲವಾ. ಅಂದಿದ್ರ ಜಗಳಾಡಿ ಎಂದೋ ಹೋಗಿರ್ತಿದ್ದೆ." ಜಡೆಯ ತುದಿಗೆ ದಾರ ಬಿಗಿಯುತ್ತ ಆಕೆ ಮೆಲ್ಲಗೆ ಹೇಳಿದಳು: "ನಾ ದುಡದದ್ದು ನಾ ಉಣಬೇಕಂತ ಆಸೆ ಆಗೇತಿ. ಒಂದಽ ಆಸೆ. ನೀ ಅಡ್ಡ ಬರಬ್ಯಾಡ."

ನಾನು ಅಡ್ಡ ಬರುವುದಿಲ್ಲ ಎಂದು ಮಾತು ಕೊಡಲಿಲ್ಲ. ಅಷ್ಟು ಮಾತ್ರ ನೆಟ್ಟಗೆ ನೆನಪಿದೆ.

ದೊಡ್ಡಬಾಯಿ ಬಂದ ದಿನ ಎಲ್ಲವೂ ಎಡವಟ್ಟು. ಗಿರಣಿಯಲ್ಲಿ ಗಂಟುಗಳನ್ನು ಗಾಡಿಗೆ ಹೇರುವ ದಿನವದು, ಅಪ್ಪ ಬರುವಂತಿರಲಿಲ್ಲ. ನಮ್ಮ ನರ್ಸಬಾಯಿಯನ್ನು ಕೆಲಸಗಾರರ ಚಾಳಿನ ಯಾವುದೋ ಮನೆಯಿಂದ ಹೆರಿಗೆಗೆ ಕರೆದುಕೊಂಡು ಹೋಗಿದ್ದರು. ಅತ್ತಿ ಅವ್ವನ ಸೀರೆ ಉಟ್ಟು, ಆ ರಟ್ಟಿಲ್ಲದ ಕೋಶವನ್ನು ಒಗೆದ ಅರಿವೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು, ನನ್ನ ಕೈ ಹಿಡಿದು ದವಾಖಾನೆಯ ಕೋಣೆಯೊಳಗೆ ಹೋದಳು. ದೊಡ್ಡಬಾಯಿ ಕೆಟ್ಟವಳೇನಲ್ಲ. ನೆತ್ತಿಯ ಮೇಲೆ ಬಿಸಿಲು ಹೊಡೆದು ಮೋರೆ ಕೆಂಪಾಗಿತ್ತು, ಹೊರಗೆ ಟಾಂಗಾ ಕಾಯುತ್ತಿತ್ತು, ಆಕೆಗೆ ಸ್ಟೇಷನ್ನಿಗೆ ಹೋಗುವ ಅವಸರ. ಅತ್ತಿಯನ್ನು ನೋಡಿ ನಕ್ಕಳು, ಖುರ್ಚಿ ತೋರಿಸಿದಳು. ಅತ್ತಿ ಕೂರಲಿಲ್ಲ. ಆಗ ದೊಡ್ಡಬಾಯಿ ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದಳು.

"ವಾಟ್ ಈಜ್ ಯುವರ್ ನೇಮ್?"

ಅದು ನನಗೆ ಬರುತ್ತಿತ್ತು. ಹಿಂದಿನ ತಿಂಗಳಷ್ಟೇ ನಮ್ಮ ಸಾಲಿಗೆ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಮಾಸ್ತರರು ನಮಗೆಲ್ಲ ಐದು ಇಂಗ್ಲಿಷ್ ಪ್ರಶ್ನೆ, ಐದು ಉತ್ತರ ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ಇದೇ ಮೊದಲನೆಯದು. ಅತ್ತಿ ದೊಡ್ಡಬಾಯಿಯ ಮೋರೆ ನೋಡಿದಳು. ನೇಮ್ ಎಂಬ ಶಬ್ದ ಆಕೆಯ ಕಣ್ಣಿಗೆ ಎಷ್ಟು ಸಲ ಬಿದ್ದಿತ್ತೋ, ಆದರೆ ಕಣ್ಣಿಗೆ ಗೊತ್ತಿದ್ದದ್ದು ಕಿವಿಗೆ ಗೊತ್ತಿರಲಿಲ್ಲ. ಆಕೆ ನನ್ನ ಕಡೆ ನೋಡಿದಳು. ದೊಡ್ಡಬಾಯಿ ಮತ್ತೊಮ್ಮೆ, ಸಾವಕಾಶವಾಗಿ, ಅದನ್ನೇ ಕೇಳಿದಳು. ಅತ್ತಿಯ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ನನಗೆ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕನ್ನಡದಲ್ಲಿ ಕಿವಿಯಲ್ಲಿ ಉಸುರಿದ್ದರೂ ಸಾಕಿತ್ತು. ನಾನು ಕೆಳಗೆ ನೋಡುತ್ತ ನಿಂತೆ. ಹಾಗೆ ನಿಂತರೆ ಅತ್ತಿ ನಮ್ಮ ಮನೆಯಲ್ಲೇ ಉಳಿಯುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವಳಿದ್ದೆ, ತಿಳಿಯಲಿಲ್ಲ ಎಂದು ನಾನು ಈಗ ಬರೆದರೆ ಅದು ಸುಳ್ಳು. ಎಲ್ಲವೂ ತಿಳಿದಿತ್ತು.

ಅತ್ತಿ ಅವಸರದಿಂದ ಅರಿವೆ ಬಿಚ್ಚಿ ಕೋಶ ತೆಗೆದಳು. ಮೇಜಿನ ಮೇಲಿನ ಪೆಟ್ಟಿಗೆಯ ಮೇಲಿದ್ದ ಅಕ್ಷರಗಳನ್ನು ಬೆರಳಿಂದ ತೋರಿಸಿ, ಪುಟ ತಿರುವಿ, ಅವಷ್ಟೂ ಇರುವ ಶಬ್ದ ಹುಡುಕಿ ಬೆರಳಿಟ್ಟಳು. ಇನ್ನೊಂದು ಪುಟ, ಇನ್ನೊಂದು ಶಬ್ದ. ತನಗೆ ಬರುವುದನ್ನೆಲ್ಲ ಆಕೆ ಆ ಮೇಜಿನ ಮೇಲೆ ಇಡುತ್ತಿದ್ದಳು. ದೊಡ್ಡಬಾಯಿ ಆ ಹರಕು ಪುಸ್ತಕವನ್ನು ನೋಡಿದಳು, ಅತ್ತಿಯನ್ನು ನೋಡಿದಳು, ಏನೂ ತಿಳಿಯದೆ ಪುಸ್ತಕವನ್ನು ಮುಚ್ಚಿ ಮೆಲ್ಲಗೆ ಅತ್ತಿಯ ಕೈಗೇ ಕೊಟ್ಟಳು. ಬಾಗಿಲಲ್ಲಿದ್ದ ಸಿಪಾಯಿಗೆ, ಈಕೆಗೆ ಇಂಗ್ಲಿಷ್ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಟಾಂಗಾ ಹತ್ತಿದಳು.

ಮನೆಗೆ ಬಂದ ಕೂಡಲೆ ಅತ್ತಿ ಅವ್ವನ ಸೀರೆಯನ್ನು ಬಿಚ್ಚಿ, ಒಗೆದು, ಮಡಚಿ ಕೊಟ್ಟಳು. ಅಪ್ಪ ಸಂಜೆ ಕೇಳಿದಾಗ "ನನಗ ಬರಲಿಲ್ಲೋ ಅಣ್ಣಾ" ಎಂದಳು, ಅಷ್ಟೇ. ನರ್ಸಬಾಯಿ ಮುಂದಿನ ಸಲ ನೋಡೋಣ ಎಂದು ಸಮಾಧಾನ ಹೇಳಿದಳು, ಆದರೆ ಆಕೆಗೇ ಬೇರೆ ಊರಿಗೆ ಹೋಗುವಂತಾಯಿತು. ಮರುದಿನವೂ ಬಿಸಿಲು ಬಂತು, ಗೋಡೆಯ ಮೇಲೆ ನಾಲ್ಕು ಅಕ್ಷರ ಬಿದ್ದವು, ಅಪ್ಪ ಹುರುಪಿನಿಂದ ಅವುಗಳನ್ನು ಓದಿದ. ಅತ್ತಿ ರೊಟ್ಟಿ ಬಡಿಯುತ್ತಲೇ ಇದ್ದಳು. ನಾನು ಒಂದು ಶಬ್ದ ಹೇಳಿ ಗೆದ್ದೆ. ಬೆಣ್ಣೆ ಹಚ್ಚಿದ ರೊಟ್ಟಿ ನನ್ನ ತಾಟಿಗೆ ಬಂತು, ಅದರಲ್ಲಿ ಅರ್ಧ ಅತ್ತಿಯ ಕಡೆ ಚಾಚಿದೆ. ಹಸಿವಿಲ್ಲ ಎಂದಳು. ಎಲ್ಲರೂ ಉಂಡ ಮೇಲೆ ಉಂಡಳು.

ನಾನು ಯಾರನ್ನು ಉಳಿಸಿಕೊಳ್ಳಲು ಹಾಗೆ ಮಾಡಿದೆನೋ ಆಕೆ ವರ್ಷ ತುಂಬುವುದರೊಳಗೆ ಹೋದಳು. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಲ್ಲಿ ಹೆಂಡತಿ ಸತ್ತ ಒಬ್ಬ ರೈತನಿದ್ದ, ಎರಡು ಮಕ್ಕಳು. ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೆ ಮಾಡಿಕೊಡುವ ಲಗ್ನಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ವಾಲಗವಿಲ್ಲ, ನಾಲ್ಕು ಮಂದಿ ಹಿರಿಯರು ಕೂತು ಸೀರೆ ಉಡಿಸಿದರೆ ಮುಗಿಯಿತು. ಅತ್ತಿ ಬೇಕು ಬೇಡ ಏನೂ ಅನ್ನಲಿಲ್ಲ. ಚಕ್ಕಡಿ ಹತ್ತುವಾಗ ನನ್ನ ತಲೆ ಸವರಿ, ಜಡೆ ಬಿಗಿಯಾಗಿ ಹಾಕಿಕೊ ಎಂದಳು. ಆ ಚಕ್ಕಡಿಯ ಹಿಂದೆ ನಾನು ಚಾಳಿನ ಕೊನೆಯ ಮನೆಯವರೆಗೆ ಓಡಿದೆ. ಆಮೇಲೆ ಎಷ್ಟು ದಿನ ಅತ್ತೆನೋ ಲೆಕ್ಕವಿಲ್ಲ. ಅಳುವ ಹಕ್ಕು ನನಗಿಲ್ಲ ಎಂದು ಗೊತ್ತಿದ್ದರಿಂದ ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ಮುಂದೆ ನನ್ನನ್ನು ಮೂಡಲಗಿಗೆ ಕೊಟ್ಟರು. ನಾನು ಚೊಚ್ಚಲ ಬಸುರಿಯಾದಾಗ, ಸೀಮಂತದ ಕುಬಸಕ್ಕೆ ಅತ್ತಿಯನ್ನು ಕರೆಯಲು ನಾನೇ ಹೋಗಬೇಕೆಂದು ಹಟ ಹಿಡಿದು ದಡ್ಡಿಗೆ ಹೋದೆ. ಆಕೆಯ ಗಂಡ ನಕ್ಕು ಮಾತಾಡಿಸಿ, ನನಗೆ ಹೊಳೆಯ ಮೀನಿನಂಥ ಹೊಳಪಿನ ಹೊಸ ಚೊಂಬಿನಲ್ಲಿ ನೀರು ಕೊಟ್ಟು ಹೊಲಕ್ಕೆ ಹೋದ. ಮಕ್ಕಳು ಆಕೆಯನ್ನು ಅವ್ವಾ ಎನ್ನುತ್ತಿದ್ದರು. ಮನೆ ಚೆನ್ನಾಗಿತ್ತು, ಅತ್ತಿ ಸ್ವಲ್ಪ ದಪ್ಪಗಾಗಿದ್ದಳು. ಪಡಸಾಲೆಯಲ್ಲಿ ಇಬ್ಬರೂ ಕೂತು ಬೀಜಕ್ಕೆಂದು ಶೇಂಗಾ ಒಡೆಯುತ್ತಿದ್ದೆವು. ಇಷ್ಟು ವರ್ಷ ಎದೆಯಲ್ಲಿ ಕೂತದ್ದನ್ನು ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹೊರಲಾರೆ ಎನ್ನಿಸಿತು.

"ಅತ್ತೀ, ಅವತ್ತ ಆ ದೊಡ್ಡಬಾಯಿ ಕೇಳಿದ್ದು ನನಗ ತಿಳಿದಿತ್ತು. ಬೇಕಂತನ ಸುಮ್ಮನ ನಿಂತೆ."

ಆಕೆಯ ಕೈ ನಿಲ್ಲಲಿಲ್ಲ.

"ಗೊತ್ತೈತಿ. ನಿನ್ನ ತುಟಿ ಅಳ್ಳಾಡಿದ್ದು ಕಂಡಿದ್ದೆ."

"ಮತ್ತ ನನ್ನ ಯಾಕ ಬೈಯಲಿಲ್ಲ? ಒಂದ ಸಲ ಕೇಳಲಿಲ್ಲಲ್ಲ ನೀ!"

"ಸಿಟ್ಟು ಬಂದಿತ್ತವಾ. ಭಾಳ ದಿನ ಇತ್ತು. ಆಮ್ಯಾಲೆ ವಿಚಾರ ಮಾಡಿದೆ, ನಾ ಹೋಗಬಾರದು ಅಂತ ಅಷ್ಟು ಸಂಕಟ ಪಟ್ಟಾಕಿ ನೀ ಒಬ್ಬಾಕಿನ." ಒಂದು ಕಾಯಿ ಒಡೆದು ಕಾಳನ್ನು ಬುಟ್ಟಿಗೆ ಹಾಕಿದಳು. "ಏನ ಕೇಳಿದ್ದಳು ಆಕಿ? ಎಷ್ಟ ವರ್ಷ ಅದನ್ನ ತಲಿಯಾಗ ಇಟಗೊಂಡೇನಿ. ಭಾರೀ ಕಠಿಣ ಪ್ರಶ್ನೆ ಇರಬೇಕು, ಕಲತವರಿಗೂ ಬರತಿದ್ದಿಲ್ಲೇನೋ ಅಂತ ಸಮಾಧಾನ ಮಾಡಕೊಂಡೇನಿ."

ಸುಳ್ಳು ಹೇಳಲು ಅದೊಂದು ಒಳ್ಳೆಯ ಗಳಿಗೆಯಾಗಿತ್ತು, ಹೇಳಿದ್ದರೆ ಪುಣ್ಯವೇ ಬರುತ್ತಿತ್ತೇನೋ. ನನಗೆ ಆಗಲಿಲ್ಲ.

"ನಿನ್ನ ಹೆಸರೇನು ಅಂತ ಕೇಳಿದ್ದಳು, ಅತ್ತೀ."

ಆಕೆಯ ಕೈ ನಿಂತಿತು. ನನ್ನನ್ನು ನೋಡಲಿಲ್ಲ.

"ಅಷ್ಟಽ ಏನು?"

ಬುಟ್ಟಿ ಬದಿಗೆ ಸರಿಸಿ, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಅಂಗಳದಲ್ಲಿ ಯಾರೋ ಈಗಷ್ಟೇ ಬಂದು ಕೇಳಿದರು ಎಂಬಂತೆ ಆ ಕಡೆ ಮುಖ ಎತ್ತಿ, "ನೀಲವ್ವ" ಎಂದಳು.